ಮನೆಯ ಸೆಂಟ್ರಲ್ ಎಸಿಗೆ ವಾರ್ಷಿಕ ನಿರ್ವಹಣಾ ಸೇವೆ: ಮೂರು ಭೇಟಿಗಳ ಅನುಭವ

ಒಂದೇ ಯಂತ್ರದಿಂದ ಇಡೀ ಮನೆಗೆ ಡಕ್ಟ್‌ಗಳ, ಎಂದರೆ ಗಾಳಿ ಸಾಗಿಸುವ ದೊಡ್ಡ ಕೊಳವೆಗಳ, ಮೂಲಕ ತಂಪು ಗಾಳಿ ಹಂಚುವ ಸೆಂಟ್ರಲ್ ಎಸಿ ನಮ್ಮ ಮನೆಯಲ್ಲಿದೆ. 3 ಟನ್ ಸಾಮರ್ಥ್ಯದ, ಈಗ 9 ವರ್ಷ ಹಳೆಯದಾದ ಈ ಯಂತ್ರದ ನಿರ್ವಹಣೆಯನ್ನು ಒಂದೂವರೆ ವರ್ಷದ ಹಿಂದೆ ಹೊಸ ಸೇವಾ ಸಂಸ್ಥೆಯೊಂದಕ್ಕೆ ವಾರ್ಷಿಕ ಒಪ್ಪಂದದ ಮೇಲೆ ವಹಿಸಿದೆವು. ಒಪ್ಪಂದದಂತೆ ವರ್ಷಕ್ಕೆ 2 ಭೇಟಿಗಳು. ಈವರೆಗೆ 3 ಭೇಟಿಗಳಾಗಿವೆ. ಅವುಗಳಲ್ಲಿ ಎರಡು ಬಹಳ ಚೆನ್ನಾಗಿದ್ದವು, ಒಂದು ನಿರಾಸೆ ತಂದಿತು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಈ ಬರಹದ ಉದ್ದೇಶ ಒಳ್ಳೆಯ ಸರ್ವಿಸ್ ಎಂದರೆ ಏನು ಎಂಬುದನ್ನು ನಾನು ಕಣ್ಣಾರೆ ಕಂಡಂತೆ ಹೇಳುವುದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಎಸಿ ಸರ್ವಿಸ್‌ನ ಬೆಲೆ ಇರುವುದು ಅಳತೆಯಲ್ಲಿ. ಅಳೆದು, ಅಳೆದದ್ದನ್ನು ಬರೆದುಕೊಟ್ಟವರ ಕೆಲಸವನ್ನು ನಂಬಬಹುದು. ಬರಿದೇ ತೊಳೆದು ಹೋದವರ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಮನೆಯವರಿಗೆ ಯಾವ ದಾರಿಯೂ ಇರುವುದಿಲ್ಲ.

ಇದಕ್ಕೂ ಮೊದಲು ಬೇರೊಂದು ಕಡೆಯವರು ನಾಲ್ಕೈದು ವರ್ಷ ನಮ್ಮ ಯಂತ್ರ ನೋಡಿಕೊಳ್ಳುತ್ತಿದ್ದರು. ಒಬ್ಬರು ಬರುತ್ತಿದ್ದರು, ಫಿಲ್ಟರ್ ಒದರುತ್ತಿದ್ದರು, ಔಟ್‌ಡೋರ್ ಯೂನಿಟ್‌ಗೆ ಪ್ರೆಷರ್ ಪಂಪಿನಿಂದ ನೀರು ಹೊಡೆಯುತ್ತಿದ್ದರು, ಗ್ಯಾಸಿನ ಒತ್ತಡ ತೋರಿಸುವ ಗೇಜ್ ಸಿಕ್ಕಿಸಿ ನೋಡಿ "ಗ್ಯಾಸ್ ಸ್ವಲ್ಪ ಕಡಿಮೆ ಇದೆ, ತುಂಬಿಸಿಬಿಡೋಣ" ಎನ್ನುತ್ತಿದ್ದರು. ಇಷ್ಟೆಲ್ಲ ಅರ್ಧ ಗಂಟೆಯೊಳಗೆ ಮುಗಿಯುತ್ತಿತ್ತು. ಸತತ ಮೂರು ವರ್ಷ ಗ್ಯಾಸ್ ತುಂಬಿಸಿದರು, ಮೂರು ವರ್ಷವೂ ಅದಕ್ಕೆ ಬೇರೆಯಾಗಿ ಹಣ ಪಡೆದರು. ವಾಹನಕ್ಕೆ ಪೆಟ್ರೋಲ್ ಹಾಕಿಸುವಂತೆ ಎಸಿಗೂ ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಬೇಕು ಎಂದೇ ನಾವೂ ತಿಳಿದಿದ್ದೆವು. ಅದು ತಪ್ಪು ತಿಳುವಳಿಕೆ. ಎಸಿಯ ಗ್ಯಾಸ್ ಸುಟ್ಟು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ತಾಮ್ರದ ಕೊಳವೆಗಳಲ್ಲಿ ಒಳಗೆ ಆವಿಯಾಗುತ್ತ, ಹೊರಗೆ ಮತ್ತೆ ದ್ರವವಾಗುತ್ತ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಮೇಲಿಂದ ಮೇಲೆ ತುಂಬಿಸುವುದನ್ನು ನಿರ್ವಹಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೊಸ ಸಂಸ್ಥೆಯಿಂದ ಮೊದಲ ಭೇಟಿಗೆ ಇಬ್ಬರು ಬಂದರು: ಹಿರಿಯ ತಂತ್ರಜ್ಞರೊಬ್ಬರು, ಅವರ ಜೊತೆ ಕೆಲಸ ಕಲಿಯುತ್ತಿದ್ದ ಹುಡುಗ. ಅವರು ಬಂದ ಕೂಡಲೇ ಯಾವ ಸ್ಕ್ರೂ ಬಿಚ್ಚಲಿಲ್ಲ. ಯಾವ ಕೋಣೆ ತಣ್ಣಗಾಗುವುದಿಲ್ಲ, ಯಂತ್ರ ಎಷ್ಟು ಹೊತ್ತಿಗೊಮ್ಮೆ ನಿಂತು ಶುರುವಾಗುತ್ತದೆ, ವಾಸನೆ ಏನಾದರೂ ಬರುತ್ತದೆಯೇ ಎಂದು ಕೇಳಿದರು. ಬೆಳಿಗ್ಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಂಥ ವಾಸನೆ ಬರುತ್ತದೆ ಎಂದು ಅಮ್ಮ ಹೇಳಿದ್ದನ್ನು ಹುಡುಗನಿಂದ ಬರೆಸಿದರು. ಆಮೇಲೆ ಯಂತ್ರ ಹಾಕಿ 15 ನಿಮಿಷ ಓಡಲು ಬಿಟ್ಟು, ಮನೆಯಿಂದ ಯಂತ್ರದೊಳಕ್ಕೆ ಹೋಗುವ ಗಾಳಿಯ ಉಷ್ಣತೆಯನ್ನೂ ತಂಪಾಗಿ ಹೊರಬರುವ ಗಾಳಿಯ ಉಷ್ಣತೆಯನ್ನೂ ಅಳೆದರು. ಒಳಹೋಗುವ ಗಾಳಿ 27 ಡಿಗ್ರಿ, ಹೊರಬರುವುದು 20 ಡಿಗ್ರಿ ಸೆಲ್ಸಿಯಸ್. ಸಾಮಾನ್ಯವಾಗಿ ಈ ವ್ಯತ್ಯಾಸ 8ರಿಂದ 12 ಡಿಗ್ರಿಯಷ್ಟಿರಬೇಕು. ಗಾಳಿಯಲ್ಲಿ ತೇವ ಬಹಳ ಇದ್ದರೆ ಕಡಿಮೆ, ಒಣಹವೆಯಾದರೆ ಹೆಚ್ಚು. ನಮ್ಮಲ್ಲಿ 7 ಬಂದಿತ್ತು, ಅದೂ ಒಣಹವೆಯ ದಿನ.

ಇಲ್ಲಿಗೇ "ಗ್ಯಾಸ್ ಕಡಿಮೆ" ಎಂದು ಅವರೂ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಗಾಳಿಯ ಹರಿವು ಸರಿಯಿದೆಯೆಂದು ಖಚಿತವಾಗದೆ ಗ್ಯಾಸ್ ನೋಡುವುದು ತಪ್ಪು, ಏಕೆಂದರೆ ಗಾಳಿ ಕಡಿಮೆಯಾದಾಗಲೂ ಗೇಜಿನ ಮುಳ್ಳು ಕೆಳಗಿಳಿದು ಗ್ಯಾಸ್ ಕಡಿಮೆಯಿರುವಂತೆಯೇ ತೋರುತ್ತದೆ ಎಂದು ವಿವರಿಸಿದರು. 1 ಟನ್ ಸಾಮರ್ಥ್ಯಕ್ಕೆ ನಿಮಿಷಕ್ಕೆ ಸುಮಾರು 350ರಿಂದ 400 ಘನ ಅಡಿ ಗಾಳಿ ಕಾಯಿಲ್ (ಒಳಗೆ ಗ್ಯಾಸ್ ಸುತ್ತುವ ಕೊಳವೆಗಳ ಸುರುಳಿ) ಮೇಲೆ ಹರಿಯಬೇಕಂತೆ. ನಮ್ಮದು 3 ಟನ್ ಆದ್ದರಿಂದ ಸಾವಿರಕ್ಕೂ ಮಿಕ್ಕಿ. ಗಾಳಿ ತಳ್ಳುವ ಫ್ಯಾನ್ ಆದ ಬ್ಲೋವರ್‌ನ ಹಿಂದೆ ಮುಂದೆ ಡಕ್ಟ್‌ಗೆ ಸಣ್ಣ ತೂತು ಕೊರೆದು, ತೆಳುವಾದ ರಬ್ಬರ್ ನಳಿಕೆ ತೂರಿಸಿ, ಅಂಗೈಯಗಲದ ಒಂದು ಮೀಟರಿನಲ್ಲಿ ಗಾಳಿಯ ಒತ್ತಡ ನೋಡಿದರು. ಇದಕ್ಕೆ ಸ್ಟ್ಯಾಟಿಕ್ ಪ್ರೆಷರ್ ಎನ್ನುತ್ತಾರೆ. ಮನುಷ್ಯರಿಗೆ ರಕ್ತದೊತ್ತಡ ಇದ್ದಂತೆ, ಹರಿವಿಗೆ ಅಡ್ಡಿ ಹೆಚ್ಚಾದಷ್ಟೂ ಇದು ಏರುತ್ತದೆ. ನಮ್ಮ ಯಂತ್ರದ ಫಲಕದಲ್ಲಿ ಗರಿಷ್ಠ 125 ಪ್ಯಾಸ್ಕಲ್ ಎಂದು ಅಚ್ಚಾಗಿದೆ. ಮೀಟರ್ ತೋರಿಸಿದ್ದು 205.

ಫಿಲ್ಟರ್ ಹೊರತೆಗೆದು ಮತ್ತೆ ಅಳೆದಾಗ ಅದು 130ಕ್ಕೆ ಇಳಿಯಿತು. ಹೆಚ್ಚುಕಡಿಮೆ ಎಲ್ಲ ತೊಂದರೆಯೂ ಫಿಲ್ಟರ್‌ನದೇ ಎಂದಾಯಿತು, ಮತ್ತು ಆ ಫಿಲ್ಟರ್ ತಂದು ಹಾಕಿದವಳು ನಾನು. ಧೂಳು ಎಷ್ಟು ಸೂಕ್ಷ್ಮವಾಗಿ ಸೋಸುತ್ತದೆ ಎಂಬುದನ್ನು ತಿಳಿಸಲು ಫಿಲ್ಟರ್‌ಗಳ ಮೇಲೆ ಮರ್ವ್ ಎಂಬ ಸಂಖ್ಯೆ ಇರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಸೋಸುವಿಕೆ ಸೂಕ್ಷ್ಮ. ಅಮ್ಮನ ಕೆಮ್ಮಿಗೆ ಒಳ್ಳೆಯದಾಗಲೆಂದು ನಾನು ಮರ್ವ್ 13ರ ಫಿಲ್ಟರ್ ಆರಿಸಿದ್ದೆ. ಆರಿಸಿದ್ದರಲ್ಲಿ ತಪ್ಪಿರಲಿಲ್ಲ, ಆದರೆ ನಮ್ಮ ಯಂತ್ರದಲ್ಲಿ ಫಿಲ್ಟರ್ ಕೂರುವ ಗೂಡು ಕೇವಲ 1 ಅಂಗುಲ ದಪ್ಪದ್ದು. ಅಷ್ಟು ತೆಳುವಾದ ಫಿಲ್ಟರ್‌ನಲ್ಲಿ ಮಡಿಕೆಗಳು ಕಡಿಮೆ, ಗಾಳಿ ಹಾಯುವ ಮೇಲ್ಮೈ ಕಡಿಮೆ. ನೇಯ್ಗೆ ಸೂಕ್ಷ್ಮವಾದರೆ ಗಾಳಿಗೆ ಉಸಿರು ಕಟ್ಟುತ್ತದೆ, ಧೂಳು ಕೂತ ಮೇಲಂತೂ ಕೇಳುವುದೇ ಬೇಡ. ಸದ್ಯಕ್ಕೆ ಮರ್ವ್ 8 ಹಾಕಿ, ಸೂಕ್ಷ್ಮ ಸೋಸುವಿಕೆ ಬೇಕೇಬೇಕು ಎಂದಾದರೆ 4 ಅಂಗುಲದ ಫಿಲ್ಟರ್ ಹಿಡಿಸುವ ಪೆಟ್ಟಿಗೆಯನ್ನು ಮುಂದೆ ಕೂರಿಸಿಕೊಳ್ಳಿ ಎಂದರು. ಆ ಪೆಟ್ಟಿಗೆಯನ್ನು ಅವರೇ ಮಾರುತ್ತಾರೆ. ಆದರೂ ಅಂದು ಕೊಳ್ಳಿ ಎಂದು ಒತ್ತಾಯಿಸಲಿಲ್ಲ. ಈ ನಡತೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಗಾಳಿಯ ಹರಿವು ಹೆಚ್ಚಾದ ಮೇಲೆ ಉಷ್ಣತೆಯ ವ್ಯತ್ಯಾಸ 6.5ಕ್ಕೆ ಇಳಿಯಿತು. ನನಗೆ ಗಾಬರಿಯಾದರೂ ಅವರು ಇದು ನಿರೀಕ್ಷಿತವೇ ಎಂದರು: ಅಷ್ಟೇ ತಂಪನ್ನು ಹೆಚ್ಚು ಗಾಳಿಗೆ ಹಂಚಿದಾಗ ಪ್ರತಿ ಪಾಲು ಕಡಿಮೆಯಾಗುತ್ತದೆ. ಈಗ ಗೇಜ್ ಹೊರಬಂತು. ಒತ್ತಡ ಒಂದನ್ನೇ ನೋಡಿ ಮುಗಿಸದೆ ಕೊಳವೆಗಳಿಗೆ ಉಷ್ಣಮಾಪಕದ ಕ್ಲಿಪ್‌ಗಳನ್ನು ಹಚ್ಚಿ ಎರಡು ಲೆಕ್ಕ ತೆಗೆದರು. ಒಳಗಿನ ಕಾಯಿಲ್‌ನಲ್ಲಿ ದ್ರವವೆಲ್ಲ ಆವಿಯಾದ ಮೇಲೆ ಆ ಆವಿ ಇನ್ನೂ ಎಷ್ಟು ಬಿಸಿಯೇರಿದೆ ಎಂಬುದು ಸೂಪರ್‌ಹೀಟ್. ಹೊರಗಿನ ಕಾಯಿಲ್‌ನಲ್ಲಿ ಆವಿಯೆಲ್ಲ ದ್ರವವಾದ ಮೇಲೆ ಆ ದ್ರವ ಇನ್ನೂ ಎಷ್ಟು ತಣ್ಣಗಾಗಿದೆ ಎಂಬುದು ಸಬ್‌ಕೂಲಿಂಗ್. ನಮ್ಮ ಯಂತ್ರದ ಫಲಕದ ಪ್ರಕಾರ ಸಬ್‌ಕೂಲಿಂಗ್ 6 ಡಿಗ್ರಿ ಇರಬೇಕಿತ್ತು; ಇದ್ದದ್ದು 1. ಸೂಪರ್‌ಹೀಟ್ 15ಕ್ಕೆ ಏರಿತ್ತು. ಎರಡೂ ಸೇರಿ ಗ್ಯಾಸ್ ನಿಜವಾಗಿಯೂ ಕಡಿಮೆ ಇದೆ ಎಂದು ಹೇಳುತ್ತಿದ್ದವು.

ಇನ್ನು ಸೋರುವ ಜಾಗ ಹುಡುಕುವ ಕೆಲಸ. ಇದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಎಲೆಕ್ಟ್ರಾನಿಕ್ ಡಿಟೆಕ್ಟರ್ ಹಿಡಿದು ಒಳಗಿನ ಕಾಯಿಲ್, ಬೆಸುಗೆ ಹಾಕಿದ ಜಾಗಗಳು, ಗೋಡೆಯಿಂದ ಹೊರಬರುವ ತಾಮ್ರದ ಕೊಳವೆಗಳನ್ನೆಲ್ಲ ನಿಧಾನವಾಗಿ ತಡವಿದರು, ಎಲ್ಲೂ ಸದ್ದಿಲ್ಲ. ಕೊನೆಗೆ ಔಟ್‌ಡೋರ್ ಯೂನಿಟ್‌ನ ಪಕ್ಕದಲ್ಲಿ ಗೇಜ್ ಸಿಕ್ಕಿಸುವ ಮೂತಿಯ ಹತ್ತಿರ ತಂದಾಗ ಅದು ಕೀಚಲು ಸದ್ದು ಮಾಡಿತು. ಹುಡುಗ ಸಾಬೂನಿನ ನೊರೆಯನ್ನು ಕುಂಚದಿಂದ ಅಲ್ಲಿ ಸವರಿದ. ಮೂತಿಯ ನಡುವೆ, ಸೈಕಲ್ ಟ್ಯೂಬಿನ ವಾಲ್ವ್‌ನಲ್ಲಿರುವಂಥ ಸಣ್ಣ ಪಿನ್ನಿನ ಬುಡದಿಂದ, ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಎದ್ದು, ನೋಡುತ್ತಿದ್ದಂತೆಯೇ ಕಡಲೆಯಷ್ಟಾಗಿ, ಒಡೆದು, ಮತ್ತೊಂದು ಎದ್ದಿತು. "ಮೇಡಂ, ಇಲ್ಲಿ ಬಗ್ಗಿ ನೋಡಿ, ನಿಮ್ಮ ಮೂರು ವರ್ಷದ ಗ್ಯಾಸ್ ಹೋಗಿರೋದು ಇಲ್ಲಿಂದಲೇ" ಎಂದರು. ಆ ಪಿನ್ನಿನ ಮೇಲೆ ಬಿಗಿಯಾಗಿ ಕೂರಬೇಕಾದ ಹಿತ್ತಾಳೆಯ ಮುಚ್ಚಳವೇ ಇರಲಿಲ್ಲ. ಹಿಂದಿನವರು ಗ್ಯಾಸ್ ನೋಡಲೆಂದು ಗೇಜ್ ಸಿಕ್ಕಿಸಿ ಬಿಚ್ಚುತ್ತಿದ್ದ ಜಾಗವೇ ಸೋರುತ್ತಿತ್ತು, ಮುಚ್ಚಳ ಯಾವಾಗಲೋ ಕಳೆದುಹೋಗಿತ್ತು.

ಒಳಗಿನ ಗ್ಯಾಸ್ ಹೊರಹೋಗದಂತೆ ಪಿನ್ ಬದಲಿಸುವ ಉಪಕರಣವೊಂದಿದೆ. ಅದರಿಂದ ಹೊಸ ಪಿನ್ ಕೂರಿಸಿ, ಹೊಸ ಮುಚ್ಚಳ ಬಿಗಿದು, ಮತ್ತೆ ನೊರೆ ಸವರಿ ಗುಳ್ಳೆ ಏಳದಿರುವುದನ್ನು ತೋರಿಸಿದರು. ಆಮೇಲೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಸಬ್‌ಕೂಲಿಂಗ್ 6 ಡಿಗ್ರಿಗೆ ಬರುವವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. ಸೇರಿದ್ದು 600 ಗ್ರಾಂ. ಸಿಲಿಂಡರಿನಿಂದ ದ್ರವರೂಪದಲ್ಲೇ ಬಿಡಬೇಕಂತೆ, ಏಕೆಂದರೆ ನಮ್ಮ ಯಂತ್ರದಲ್ಲಿರುವ ಆರ್-410ಎ ಎಂಬುದು ಆರ್-32 ಮತ್ತು ಆರ್-125 ಎಂಬ ಎರಡು ಗ್ಯಾಸ್‌ಗಳ ಸಮಪಾಲಿನ ಮಿಶ್ರಣ. ಆವಿಯಾಗಿ ಬಿಟ್ಟರೆ ಪಾಲು ಏರುಪೇರಾಗುತ್ತದೆ. ಗಾಳಿಯ ಉಷ್ಣತೆಯ ವ್ಯತ್ಯಾಸ 10 ಡಿಗ್ರಿಗೆ ಬಂದು ನಿಂತಿತು.

ಆ 600 ಗ್ರಾಂ ನನ್ನನ್ನು ಬಹಳ ದಿನ ಕಾಡಿತು. ಓಝೋನ್ ಪದರವನ್ನು ಕೆಡಿಸುವ ಆರ್-22ರಂಥ ಗ್ಯಾಸ್‌ಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಜಗತ್ತು ಹಂತ ಹಂತವಾಗಿ ಕೈಬಿಡತೊಡಗಿದಾಗ ಅವುಗಳ ಜಾಗಕ್ಕೆ ಬಂದದ್ದು ಆರ್-410ಎ. ಅದು ಓಝೋನಿಗೆ ಕೇಡು ಮಾಡುವುದಿಲ್ಲ, ಆದರೆ ಭೂಮಿಯನ್ನು ಬಿಸಿಯೇರಿಸುವ ಶಕ್ತಿಯಲ್ಲಿ ಅದರ 1 ಕಿಲೋ ಇಂಗಾಲದ ಡೈಆಕ್ಸೈಡ್‌ನ ಸುಮಾರು 2088 ಕಿಲೋಗೆ ಸಮ. ಅದೇ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿ ಇಂಥ ಗ್ಯಾಸ್‌ಗಳ ಬಳಕೆಯನ್ನೂ ಇಳಿಸಲು ಹೊರಟದ್ದು ಇದೇ ಕಾರಣಕ್ಕೆ, ಹೊಸ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಆರ್-32ರ ಅದೇ ಅಂಕಿ 675. ನಮ್ಮ ಯಂತ್ರದಿಂದ ಸೋರಿದ 600 ಗ್ರಾಂ ಒಂದೂಕಾಲು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮವಾಯಿತು, ಅದಕ್ಕೂ ಹಿಂದೆ ಸೋರಿ ಹೋದದ್ದು ಬೇರೆ. ಬೆರಳ ತುದಿಯಷ್ಟು ಮುಚ್ಚಳವೊಂದು ಇಲ್ಲದ್ದರಿಂದ ಇಷ್ಟಾಯಿತು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಎರಡನೆಯ ಭೇಟಿ ಬಿಸಿಲು ಏರುವುದಕ್ಕೆ ಮುಂಚೆಯೇ ಆಯಿತು, ಅದೇ ಇಬ್ಬರು ಬಂದರು. ಈ ಸಲದ ಮುಖ್ಯ ಕೆಲಸ ಒಳಗಿನ ಕಾಯಿಲ್ ಮತ್ತು ನೀರು ಹೋಗುವ ದಾರಿ. ಎಸಿಯೆಂದರೆ ತಂಪು ಎಂದಷ್ಟೇ ನಾವು ತಿಳಿಯುತ್ತೇವೆ. ಆದರೆ ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ಇದರ ಮೊದಲ ವಿನ್ಯಾಸ ಮಾಡಿದ್ದೇ ಗಾಳಿಯ ತೇವವನ್ನು ಹತೋಟಿಗೆ ತರಲು, ಏಕೆಂದರೆ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಅಲ್ಲಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಇಂದಿಗೂ ಕಾಯಿಲ್ ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಅದೇ. ತೇವದ ದಿನಗಳಲ್ಲಿ ನಮ್ಮಷ್ಟು ದೊಡ್ಡ ಯಂತ್ರ ಗಂಟೆಗೆ ಒಂದೆರಡು ಲೀಟರಿಗೂ ಹೆಚ್ಚು ನೀರು ಇಳಿಸಬಲ್ಲದು, ಮತ್ತು ಆ ನೀರೆಲ್ಲ ಕಾಯಿಲ್ ಕೆಳಗಿನ ತಟ್ಟೆಗೆ ಬಿದ್ದು ಒಂದು ಸಣ್ಣ ಪೈಪಿನಲ್ಲಿ ಹೊರಹೋಗಬೇಕು.

ಅವರು ಮುಚ್ಚಳ ತೆಗೆದು ಟಾರ್ಚ್ ಬಿಟ್ಟಾಗ ಅಮ್ಮ ಹೇಳಿದ ವಾಸನೆಯ ಮೂಲ ಕಂಡಿತು. ತಟ್ಟೆಯ ಮೂಲೆಯಲ್ಲಿ ಕಂದುಬಣ್ಣದ ಲೋಳೆ ಬೆರಳಿನಷ್ಟು ದಪ್ಪಕ್ಕೆ ಕಟ್ಟಿತ್ತು. ಪೈಪಿನ ಬಾಯಿ ಅರ್ಧ ಮುಚ್ಚಿತ್ತು. ಕಾಯಿಲ್‌ನ ಮೇಲೆ ಗಾಳಿ ಬಂದು ತಾಗುವ ಕಡೆ ಬೂದುಬಣ್ಣದ ಧೂಳು ತೇವಕ್ಕೆ ಅಂಟಿ ಕಂಬಳಿಯಂತೆ ಹಬ್ಬಿತ್ತು. ಕಾಯಿಲ್ ತೊಳೆಯಲೆಂದೇ ತಯಾರಿಸಿದ, ಅಲ್ಯೂಮಿನಿಯಂ ತಿನ್ನದ ದ್ರಾವಣ ಸಿಂಪಡಿಸಿ, ಮೆತ್ತನೆ ಕುಂಚದಿಂದ ಕಾಯಿಲ್‌ನ ತೆಳು ಲೋಹದ ರೆಕ್ಕೆಗಳ ಉದ್ದಕ್ಕೇ ಎಳೆದು, ಕೈಪಂಪಿನಿಂದ ತೊಳೆದರು. ಪೈಪಿನ ಹೊರತುದಿಗೆ ವ್ಯಾಕ್ಯೂಮ್ ಹಚ್ಚಿ ಲೋಳೆಯನ್ನು ಎಳೆದು ತೆಗೆದು, ಒಂದು ಬಕೆಟ್ ನೀರು ತಟ್ಟೆಗೆ ಸುರಿದು ಅದು ಸರಾಗವಾಗಿ ಹೊರಬರುವುದನ್ನು ಕಾಯ್ದು ನೋಡಿದರು. ಪೈಪಿನಲ್ಲಿ ನೀರು ನಿಲ್ಲುವಂಥ ಬಾಗು ಇರಬೇಕಾದ ಕಾರಣವನ್ನೂ ಆಗಲೇ ತಿಳಿದೆ: ಬ್ಲೋವರ್ ಗಾಳಿ ಎಳೆಯುವ ಕಡೆಯಲ್ಲಿ ತಟ್ಟೆ ಇದ್ದರೆ ಪೈಪಿನಿಂದಲೂ ಗಾಳಿ ಒಳಕ್ಕೆ ನುಗ್ಗುತ್ತದೆ, ನೀರನ್ನು ಹೊರಹೋಗಲು ಬಿಡುವುದಿಲ್ಲ, ಬಾಗಿನಲ್ಲಿ ನಿಂತ ನೀರು ಆ ಗಾಳಿಯನ್ನು ತಡೆಯುತ್ತದೆ.

ತಟ್ಟೆ ತುಂಬಿದರೆ ಯಂತ್ರ ತಾನಾಗಿ ನಿಲ್ಲಬೇಕು, ಅದಕ್ಕೆಂದೇ ತೇಲುವ ಗುಂಡಿಯ ಸ್ವಿಚ್ ಒಂದಿರುತ್ತದೆ. ಹುಡುಗ ಅದನ್ನು ಬೆರಳಿನಿಂದ ಎತ್ತಿ ಹಿಡಿದ. ಯಂತ್ರ ಓಡುತ್ತಲೇ ಇತ್ತು. ನೋಡಿದರೆ ಸ್ವಿಚ್‌ನ ತಂತಿಗಳನ್ನು ಯಾರೋ ಬಿಚ್ಚಿ ಒಂದಕ್ಕೊಂದು ಹೊಸೆದು ಟೇಪ್ ಸುತ್ತಿದ್ದರು; ಹಿಂದೊಮ್ಮೆ "ಎಸಿ ಆಗಾಗ ನಿಲ್ಲುತ್ತದೆ" ಎಂದು ನಾವು ದೂರು ಕೊಟ್ಟಾಗ ಅದು ಹೀಗೆ ದುರಸ್ತಿಯಾಗಿರಬೇಕು. ಕಟ್ಟಿಕೊಂಡ ಪೈಪ್ ಪೂರ್ತಿ ಮುಚ್ಚಿದ್ದರೆ ನೀರು ಫಾಲ್ಸ್ ಸೀಲಿಂಗ್ ಮೇಲೆ ಹರಿದು ಇಡೀ ಕೋಣೆ ಕೆಡುತ್ತಿತ್ತು. ತಂತಿ ಮತ್ತೆ ಜೋಡಿಸಿ, ಗುಂಡಿ ಎತ್ತಿದರೆ ಯಂತ್ರ ನಿಲ್ಲುವುದನ್ನು ಎರಡು ಸಲ ತೋರಿಸಿದರು. ಆ ದಿನದ ಸ್ಟ್ಯಾಟಿಕ್ ಪ್ರೆಷರ್ 118 ಪ್ಯಾಸ್ಕಲ್, ಹೊಸ ಫಿಲ್ಟರ್ ಇದ್ದುಕೊಂಡೇ.

ಔಟ್‌ಡೋರ್ ಯೂನಿಟ್‌ನಲ್ಲಿ ಎರಡು ಸಂಗತಿಗಳು. ಪ್ರೆಷರ್ ಪಂಪಿನ ಹೊಡೆತಕ್ಕೆ ಒಂದು ಬದಿಯ ರೆಕ್ಕೆಗಳು ಮಡಚಿ ಗಾಳಿ ಹಾಯದಂತಾಗಿದ್ದವು; ಸಣ್ಣ ಬಾಚಣಿಗೆಯಂಥ ಉಪಕರಣದಿಂದ ಅವನ್ನು ಸಾಲು ಸಾಲಾಗಿ ನೆಟ್ಟಗೆ ಮಾಡಿದರು, ಮುಕ್ಕಾಲು ಗಂಟೆ ಹಿಡಿಯಿತು. ತೊಳೆಯುವಾಗ ವಿದ್ಯುತ್ ಕಡಿದು, ಮೇಲಿನ ಫ್ಯಾನ್ ಎತ್ತಿಟ್ಟು, ಸಾಧಾರಣ ಹೋಸ್ ಪೈಪಿನಿಂದ ಒಳಗಿನಿಂದ ಹೊರಕ್ಕೆ ನೀರು ಬಿಟ್ಟರು. ಹೊರಗಿನಿಂದ ಒಳಕ್ಕೆ ಹೊಡೆದರೆ ಕಸ ರೆಕ್ಕೆಗಳ ನಡುವೆ ಇನ್ನಷ್ಟು ಆಳಕ್ಕೆ ಕೂರುತ್ತದೆ. ಇನ್ನೊಂದು, ಕೆಪಾಸಿಟರ್. ಕಂಪ್ರೆಸರನ್ನೂ ಫ್ಯಾನನ್ನೂ ಶುರುಮಾಡಿ ಓಡಿಸಲು ನೆರವಾಗುವ ಈ ಡಬ್ಬಿಯ ಮೇಲೆ 45 ಮೈಕ್ರೊಫ್ಯಾರಡ್, ಹೆಚ್ಚುಕಡಿಮೆ ಶೇ. 6 ಎಂದು ಬರೆದಿತ್ತು. ಎಂದರೆ 42.3ಕ್ಕಿಂತ ಕೆಳಗಿಳಿಯಬಾರದು. ಮೀಟರ್ 39.2 ತೋರಿಸಿತು. ಇನ್ನೂ ಓಡುತ್ತಿತ್ತು, ಆದರೆ ಕಡುಬೇಸಿಗೆಯ ಯಾವುದೋ ಮಧ್ಯಾಹ್ನ ಕಂಪ್ರೆಸರ್ ಗುಂಯ್ ಎಂದು ಸದ್ದು ಮಾಡುತ್ತ ಏಳದೆ ಕೂರುವುದು ಹೀಗೆಯೇ. ಬದಲಿಸಿ, ಹಳೆಯದನ್ನು ನನ್ನ ಕೈಗೇ ಕೊಟ್ಟರು. ಇದನ್ನು ಓದಿದ ಯಾರೂ ತಾವೇ ಆ ಡಬ್ಬಿ ಮುಟ್ಟಲು ಹೋಗಬಾರದು; ವಿದ್ಯುತ್ ಕಡಿದ ಮೇಲೂ ಅದರಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ.

ಮೂರನೆಯ ಭೇಟಿಯ ಬಗ್ಗೆ ಇಷ್ಟೇ ವಿವರವಾಗಿ ಹೇಳಲು ಏನೂ ಇಲ್ಲ, ಅದೇ ನನ್ನ ದೂರು. ನಿಗದಿಯಾದ ದಿನ ಬರಲಿಲ್ಲ. ಎರಡು ಸಲ ಮುಂದೂಡಿದರು. ಕೊನೆಗೆ ಬಂದದ್ದು ಬೇರೆಯವರು, ಒಬ್ಬರೇ. ಫಿಲ್ಟರ್ ನೋಡಿದರು, ಔಟ್‌ಡೋರ್ ಯೂನಿಟ್ ತೊಳೆದರು, ಹಿಂದಿನ ಎರಡು ಭೇಟಿಗಳ ಹಾಳೆಯನ್ನು ನಾನು ಮುಂದೆ ಹಿಡಿದರೂ ಅಳತೆಯ ಕಾಲಮ್‌ಗಳಲ್ಲಿ "ಸರಿ" ಎಂದು ಬರೆದು ಸಹಿ ಕೇಳಿದರು. ನಾನು ಸಹಿ ಹಾಕಲಿಲ್ಲ. ಅಷ್ಟಲ್ಲದೆ, ಡಕ್ಟ್‌ಗಳನ್ನು ಒಳಗಿನಿಂದ ಶುಚಿಗೊಳಿಸುವ ದುಬಾರಿ ಸೇವೆಯನ್ನು ಪ್ರತಿವರ್ಷ ಮಾಡಿಸಲೇಬೇಕು ಎಂದು ಒತ್ತಿ ಹೇಳಿದರು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆಯೂ ಡಕ್ಟ್‌ಗಳನ್ನು ವಾಡಿಕೆಯಂತೆ ತೊಳೆಸುವುದರ ಪರವಾಗಿಲ್ಲ; ಒಳಗೆ ಕಣ್ಣಿಗೆ ಕಾಣುವ ಬೂಷ್ಟು, ಇಲಿ ಅಥವಾ ಹುಳುಗಳ ವಾಸ, ಇಲ್ಲವೇ ಜಾಲರಿಗಳಿಂದ ಮನೆಯೊಳಗೆ ಉದುರುವಷ್ಟು ಧೂಳು ಕಟ್ಟಿದ್ದರೆ ಮಾತ್ರ ಅದನ್ನು ಯೋಚಿಸಬೇಕು ಎನ್ನುತ್ತದೆ. ನಮ್ಮ ಡಕ್ಟ್‌ನಲ್ಲಿ ಈ ಮೂರೂ ಇರಲಿಲ್ಲ.

ನಿಜವಾದ ತೊಂದರೆ ಡಕ್ಟ್‌ನ ಹೊರಗಿತ್ತು, ಅದನ್ನು ಒಪ್ಪಂದದ ಭಾಗವೆಂದು ಸಂಸ್ಥೆ ಪರಿಗಣಿಸಿಯೇ ಇಲ್ಲ. ಸೀಲಿಂಗ್ ಮೇಲೆ ಡಕ್ಟ್‌ಗಳು ಸೇರುವ ಕಡೆ ಬಟ್ಟೆಯ ಟೇಪ್ ಒಣಗಿ ಬಿಟ್ಟುಕೊಂಡು ತಂಪು ಗಾಳಿ ಯಾರಿಗೂ ಬೇಡದ ಜಾಗಕ್ಕೆ ಹೋಗುತ್ತಿತ್ತು. ಕೊನೆಯ ಕೋಣೆ ಎಂದೂ ತಣ್ಣಗಾಗದಿರಲು ಇದೇ ಕಾರಣ. ಸಾಮಾನ್ಯ ಮನೆಗಳಲ್ಲಿ ಡಕ್ಟ್‌ನಲ್ಲಿ ಹರಿಯುವ ಗಾಳಿಯ ಶೇ. 20ರಿಂದ 30ರಷ್ಟು ಹೀಗೆ ಸೋರಿಕೆಗೆ, ಸಡಿಲ ಜೋಡಣೆಗಳಿಗೆ ಹೋಗುತ್ತದೆ ಎಂದು ಅಮೆರಿಕದ ಇಂಧನ ಉಳಿತಾಯದ ಎನರ್ಜಿ ಸ್ಟಾರ್ ಕಾರ್ಯಕ್ರಮ ಅಂದಾಜಿಸುತ್ತದೆ. ಅಲ್ಲಿನ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು 1998ರಲ್ಲಿ ಡಕ್ಟ್ ಮುಚ್ಚುವ ಬಗೆಬಗೆಯ ಸಾಮಗ್ರಿಗಳನ್ನು ಬಿಸಿಗೆ ಒಡ್ಡಿ ಪರೀಕ್ಷಿಸಿದಾಗ ಬೇಗ ಸೋತದ್ದು ಡಕ್ಟ್ ಟೇಪ್ ಎಂಬ ಹೆಸರು ಹೊತ್ತ ಬಟ್ಟೆಯ ಟೇಪೇ. ಕುಂಚದಿಂದ ಬಳಿಯುವ ಮ್ಯಾಸ್ಟಿಕ್ ಎಂಬ ಗಟ್ಟಿ ಲೇಪವನ್ನು ಎಲ್ಲ ಸಂದುಗಳಿಗೂ ಬೇರೆಯವರಿಂದ ಹಚ್ಚಿಸಿದೆ. ಕೊನೆಯ ಕೋಣೆ ಈಗ ಉಳಿದವುಗಳ ಜೊತೆಗೇ ತಣ್ಣಗಾಗುತ್ತದೆ. ಡಕ್ಟ್‌ನ ಸಂದುಗಳನ್ನು ವರ್ಷಕ್ಕೊಮ್ಮೆಯಾದರೂ ನೋಡುವುದು ಒಪ್ಪಂದದಲ್ಲಿ ಸೇರಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಸೆಂಟ್ರಲ್ ಎಸಿಯನ್ನು ಉಳಿದ ಎಸಿಗಳಿಂದ ಬೇರೆ ಮಾಡುವುದೇ ಡಕ್ಟ್.

ಸಹಿ ಹಾಕದ ಹಾಳೆಯ ಚಿತ್ರದೊಂದಿಗೆ ದೂರು ಬರೆದೆ. ಅವರ ಉತ್ತರದ ರೀತಿ ಮೆಚ್ಚುವಂತಿತ್ತು: ವಾದ ಮಾಡದೆ, ಐದನೆಯ ದಿನಕ್ಕೆ ಮೊದಲಿನ ಹಿರಿಯರನ್ನೇ ಕಳುಹಿಸಿ ಎಲ್ಲ ಅಳತೆಗಳನ್ನೂ ಮತ್ತೆ ತೆಗೆಸಿದರು. ಸಬ್‌ಕೂಲಿಂಗ್ 6 ಡಿಗ್ರಿಯಲ್ಲೇ ಇತ್ತು. ಒಂದು ವರ್ಷದಲ್ಲಿ ಒಂದು ಗ್ರಾಂ ಗ್ಯಾಸನ್ನೂ ತುಂಬಿಸಬೇಕಾಗಲಿಲ್ಲ.

ಭೇಟಿಗಳ ನಡುವೆ ಮನೆಯವರ ಪಾಲಿನ ಕೆಲಸ ದೊಡ್ಡದೇನಲ್ಲ. ನಾನು ತಿಂಗಳಿಗೊಮ್ಮೆ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡುತ್ತೇನೆ, ಔಟ್‌ಡೋರ್ ಯೂನಿಟ್‌ನ ಸುತ್ತ ಎರಡು ಅಡಿಯಷ್ಟು ಜಾಗ ಖಾಲಿ ಇಡುತ್ತೇನೆ, ನೀರಿನ ಪೈಪಿನ ಹೊರತುದಿಯಲ್ಲಿ ಹನಿ ಬೀಳುತ್ತಿದೆಯೇ ಎಂದು ಗಮನಿಸುತ್ತೇನೆ. ಬಳಸದ ಕೋಣೆಗಳ ಜಾಲರಿ ಮುಚ್ಚಿದರೆ ವಿದ್ಯುತ್ ಉಳಿಯುತ್ತದೆ ಎಂದು ನಾವು ಮುಚ್ಚುತ್ತಿದ್ದೆವು. ಅದರಿಂದ ಒತ್ತಡ ಏರಿ ಬ್ಲೋವರ್‌ಗೆ ಹೊರೆಯಾಗುತ್ತದೆಯೇ ಹೊರತು ಉಳಿತಾಯವಾಗುವುದಿಲ್ಲ ಎಂದು ತಿಳಿದ ಮೇಲೆ ಎಲ್ಲವನ್ನೂ ತೆರೆದಿಟ್ಟಿದ್ದೇವೆ. ಕೊಳವೆಯ ಮೇಲೋ ಕಾಯಿಲ್ ಮೇಲೋ ಮಂಜುಗಡ್ಡೆ ಕಂಡರೆ ಕೂಲಿಂಗ್ ನಿಲ್ಲಿಸಿ, ಬರೀ ಫ್ಯಾನ್ ಓಡಿಸಿ ಅದು ಕರಗಲು ಬಿಟ್ಟು, ಸರ್ವಿಸ್‌ನವರನ್ನು ಕರೆಯಬೇಕು. ಹಾಗೆಯೇ ಓಡಿಸಿದರೆ ದ್ರವ ಕಂಪ್ರೆಸರ್‌ಗೆ ಮರಳಿ ಅದನ್ನೇ ಕೆಡಿಸಬಹುದು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿದದ್ದು ಮೂರನೆಯ ಭೇಟಿಗೆ ಮತ್ತು ಡಕ್ಟ್‌ಗಳನ್ನು ಹೊರಗಿಟ್ಟದ್ದಕ್ಕೆ. ಒಪ್ಪಂದದ ಶುಲ್ಕ ಹಿಂದಿನವರದಕ್ಕಿಂತ ಹೆಚ್ಚು, ಆದರೆ ಹಿಂದೆ ಪ್ರತಿವರ್ಷ ಗ್ಯಾಸಿಗೆ ಸುರಿದದ್ದನ್ನು ಸೇರಿಸಿ ನೋಡಿದರೆ ನಮಗೆ ಇದೇ ಅಗ್ಗ. ಇಂಥ ಒಪ್ಪಂದಕ್ಕೆ ಸಹಿ ಹಾಕುವವರು ಏನೇನು ಸೇರಿದೆ ಎಂಬ ಪಟ್ಟಿಗಿಂತ ಏನೇನು ಸೇರಿಲ್ಲ ಎಂಬ ಸಣ್ಣ ಅಕ್ಷರದ ಪಟ್ಟಿಯನ್ನು ಮೊದಲು ಓದಬೇಕು. ನಮ್ಮದರಲ್ಲಿ ಗ್ಯಾಸ್, ಕೆಪಾಸಿಟರ್, ಸರ್ಕ್ಯೂಟ್ ಬೋರ್ಡ್ ಯಾವುದೂ ಸೇರಿಲ್ಲ. ಅಳತೆ, ಶುಚಿ ಮತ್ತು ಕೂಲಿ ಮಾತ್ರ ಸೇರಿದೆ. ಹಾಗಿರುವುದೇ ಒಳ್ಳೆಯದೆಂದು ನನಗೆ ತೋರುತ್ತದೆ, ಬಿಡಿಭಾಗಗಳ ಲೆಕ್ಕ ಕಣ್ಣೆದುರಿಗೆ ಇರುತ್ತದೆ.

ಇನ್ನೊಂದು ವರ್ಷಕ್ಕೆ ಒಪ್ಪಂದ ಮುಂದುವರಿಸಿದ್ದೇವೆ. ಈ ಸಲ ಪತ್ರದ ಕೆಳಗೆ ಕೈಬರಹದಲ್ಲಿ ಎರಡು ಸಾಲು ಸೇರಿಸಿ ಅವರ ಸಹಿಯನ್ನೂ ಹಾಕಿಸಿಕೊಂಡೆ: ಪ್ರತಿ ಭೇಟಿಯಲ್ಲೂ ಅಳತೆಗಳನ್ನು ಅಂಕಿಗಳಲ್ಲೇ ಬರೆಯತಕ್ಕದ್ದು, ಗೇಜ್ ಬಿಚ್ಚಿದ ಮೇಲೆ ಎರಡೂ ಹಿತ್ತಾಳೆಯ ಮುಚ್ಚಳಗಳನ್ನು ಬಿಗಿದು ಮನೆಯವರಿಗೆ ತೋರಿಸತಕ್ಕದ್ದು.